ಶೇ 60ರಿಂದ ಶೇ 90ಕ್ಕೆ ಎಷ್ಟು ದೂರ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಇರಾನಿನ ಅಣು ಮಾತುಕತೆಯ ಬಗ್ಗೆ ಬರೆದಿದ್ದೀರಿ. ಅವರ ಹತ್ತಿರ ಇರುವುದು ಶೇ 60ರ ಯುರೇನಿಯಂ, ಬಾಂಬಿಗೆ ಬೇಕಾದದ್ದು ಶೇ 90. ಅಂದರೆ ಮೂರರಲ್ಲೊಂದು ಪಾಲು ಕೆಲಸ ಇನ್ನೂ ಬಾಕಿ. ಅಷ್ಟಕ್ಕೇ ಇಪ್ಪತ್ತು ವರ್ಷದಿಂದ ಇಷ್ಟು ಗದ್ದಲ ಯಾಕೆ? ನಮ್ಮ ತಾಲ್ಲೂಕಿನ ಗೋಗಿಯಲ್ಲೂ ಯುರೇನಿಯಂ ಇದೆ, ನಮ್ಮನ್ನು ಯಾರೂ ಕೇಳುವುದಿಲ್ಲ. ಬಾಂಬ್ ಹಾಕಿ ಎಲ್ಲ ಕೆಡವಿದ ಮೇಲೆ ಮಾತಾಡಲು ಉಳಿದದ್ದಾದರೂ ಏನು?" (ಶಹಾಪುರ, ಯಾದಗಿರಿ ಜಿಲ್ಲೆ)

ಸಂಪಾದಕರ ಉತ್ತರ:

ನಿಮ್ಮ ಲೆಕ್ಕ ತಪ್ಪಿದ್ದು ಒಂದೇ ಕಡೆ, ಆದರೆ ಈ ವಿಷಯದ ಗಂಟು ಇರುವುದೂ ಅಲ್ಲೇ. ಶೇಕಡಾವಾರು ಎಂದ ಕೂಡಲೇ ನಾವು ಅದನ್ನು ಮೈಲಿಗಲ್ಲಿನ ಹಾಗೆ ಓದುತ್ತೇವೆ: 60 ಬಂತು, ಇನ್ನು 30 ಉಳಿಯಿತು ಅಂತ. ಯುರೇನಿಯಂ ಪುಷ್ಟೀಕರಣ ಹಾಗೆ ನಡೆಯುವುದಿಲ್ಲ. ಅದು ಕಾಳು ಹಸನು ಮಾಡುವ ಕೆಲಸ.

ಕಣದಲ್ಲಿ ಸಾವಿರ ಕಾಳು ಸುರಿದುಕೊಳ್ಳಿ. ನೆಲದಿಂದ ತೆಗೆದ ಯುರೇನಿಯಂ ಗೋಗಿಯದಾಗಲಿ, ಇರಾನಿನದಾಗಲಿ, ಆ ಸಾವಿರದಲ್ಲಿ ಬೇಕಾದ ಕಾಳು, ಅಂದರೆ ಬಾಂಬಿಗೆ ಬೇಕಾದ ಹಗುರ ಬಗೆಯ ಯುರೇನಿಯಂ-235, ಬರೀ 7. ಉಳಿದ 993 ಯುರೇನಿಯಂ-238. ಆ ಏಳನ್ನು ಹಾಗೇ ಇಟ್ಟುಕೊಂಡು ಬೇಡದ್ದನ್ನು ಆರಿಸುತ್ತ ಹೋಗಿ. ಸುಮಾರು 810 ಆರಿಸಿ ತೆಗೆದರೆ 190 ಕಾಳಿನಲ್ಲಿ 7 ಆಯಿತು, ಅದು ಶೇ 3.67. ಇನ್ನು 155 ತೆಗೆದರೆ 35ರಲ್ಲಿ 7, ಶೇ 20. ಮತ್ತೆ 23 ತೆಗೆದರೆ 12ರಲ್ಲಿ 7, ಹತ್ತಿರಹತ್ತಿರ ಶೇ 60. ಅಲ್ಲಿಂದ ಶೇ 90 ಮುಟ್ಟಲು ತೆಗೆಯಬೇಕಾದದ್ದು ನಾಲ್ಕೇ ಕಾಳು. ನಿಜದಲ್ಲಿ ಹೊರಹೋಗುವ ಪಾಲಿನ ಜೊತೆ ಸ್ವಲ್ಪ 235 ಕೂಡ ಹೋಗುತ್ತದೆ, ಯಂತ್ರದ ಲೆಕ್ಕ ಇಷ್ಟು ನೇರವಿಲ್ಲ. ಆದರೂ ಜಾಡು ಇದೇ. ನೀವು ಮೂರರಲ್ಲೊಂದು ಪಾಲು ಬಾಕಿ ಎಂದ ಕಡೆ ಬಾಕಿ ಇರುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ.

ಈ ಆರಿಸುವಿಕೆ ಕಣ್ಣಿಗೆ ಕಾಣುವಂಥದ್ದಲ್ಲ. ಯುರೇನಿಯಂ ಅನ್ನು ಫ್ಲೋರಿನ್ ಜೊತೆ ಸೇರಿಸಿ ಯುರೇನಿಯಂ ಹೆಕ್ಸಾಫ್ಲೋರೈಡ್ ಮಾಡುತ್ತಾರೆ. ಮಾಮೂಲಿ ತಾಪಮಾನದಲ್ಲಿ ಅದು ಬಿಳಿ ಹರಳು, ಸುಮಾರು 56 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕರಗದೆ ನೇರ ಅನಿಲವಾಗುತ್ತದೆ. 238 ಇರುವ ಅಣುವಿನ ತೂಕ 352, 235 ಇರುವ ಅಣುವಿನದು 349. ನೂರಕ್ಕೆ ಒಂದರಷ್ಟೂ ಇಲ್ಲದ ಈ ವ್ಯತ್ಯಾಸವನ್ನು ಹಿಡಿಯಲು ಆಳೆತ್ತರದ ಸಪೂರ ಕೊಳವೆಯನ್ನು ನಿಮಿಷಕ್ಕೆ ಅರವತ್ತು ಸಾವಿರ ಸುತ್ತಿಗೂ ಮೇಲೆ ತಿರುಗಿಸುತ್ತಾರೆ. ಭಾರದ್ದು ಗೋಡೆಯ ಕಡೆ ಸರಿಯುತ್ತದೆ, ಹಗುರದ್ದು ನಡುವೆ ಉಳಿಯುತ್ತದೆ. ಇದೇ ಸೆಂಟ್ರಿಫ್ಯೂಜ್. ಒಂದು ಯಂತ್ರ ಮಾಡುವ ಬೇರ್ಪಡಿಕೆ ಎಳ್ಳಿನಷ್ಟು, ಹಾಗಾಗಿ ನೂರಾರು ಯಂತ್ರಗಳನ್ನು ಸಾಲಾಗಿ ಜೋಡಿಸುತ್ತಾರೆ. ಕೊಳವೆ ಕೂದಲೆಳೆ ಓಲಿದರೂ ಅದುರಿ ಒಡೆಯುತ್ತದೆ. ಒಳಗೆ ತೇವದ ಗಾಳಿ ನುಗ್ಗಿದರೆ ಅನಿಲ ಅದರೊಂದಿಗೆ ಬೆರೆತು ಲೋಹವನ್ನೇ ತಿನ್ನುವ ಆಮ್ಲ ಹುಟ್ಟುತ್ತದೆ, ಪೈಪುಗಳು ಕಟ್ಟಿಕೊಳ್ಳುತ್ತವೆ.

ಈಗ ಮಾತುಕತೆಗೆ ಬರೋಣ. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನ್ ಒಂದು ಕಡೆ, ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್, ಜರ್ಮನಿ, ಐರೋಪ್ಯ ಒಕ್ಕೂಟ ಇನ್ನೊಂದು ಕಡೆ ಕೂತು ಒಪ್ಪಂದ ಮಾಡಿಕೊಂಡರು. ಅದರಲ್ಲಿ ಇರಾನ್ ಶೇ 3.67ಕ್ಕಿಂತ ಹೆಚ್ಚು ಹಸನು ಮಾಡಬಾರದು, ಅಂಥ ಹೆಕ್ಸಾಫ್ಲೋರೈಡನ್ನು 300 ಕಿಲೋಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ಮಿತಿ ಇತ್ತು. ಹಲವರು ಅದನ್ನು ಚೌಕಾಶಿಯಲ್ಲಿ ಬಂದ ದುಂಡು ಸಂಖ್ಯೆ ಅಂದುಕೊಂಡರು. ಲೆಕ್ಕ ಹಾಕಿ ನೋಡಿ. 300 ಕಿಲೋ ಹೆಕ್ಸಾಫ್ಲೋರೈಡಿನಲ್ಲಿ ಯುರೇನಿಯಂ 202.8 ಕಿಲೋ. ಅದರಲ್ಲಿ ಶೇ 3.67 ಅಂದರೆ ಯುರೇನಿಯಂ-235 ಸುಮಾರು ಏಳೂವರೆ ಕಿಲೋ. ಒಂದು ಬಾಂಬಿಗೆ ಸಾಕಾದೀತು ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇಟ್ಟುಕೊಂಡಿರುವ ಅಳತೆ 25 ಕಿಲೋ. ಅಂದರೆ ಇಡೀ ದಾಸ್ತಾನನ್ನು ಕದ್ದುಮುಚ್ಚಿ ಹಸನು ಮಾಡಿದರೂ ಒಂದು ಬಾಂಬಿನ ಮೂರನೇ ಒಂದು ಭಾಗ ಕೂಡ ದಕ್ಕುತ್ತಿರಲಿಲ್ಲ. ಹಾಗಾದರೆ ಹೊಸದಾಗಿ ಕಚ್ಚಾ ಯುರೇನಿಯಂ ತುಂಬಿಸಿದರೆ? ಅದಕ್ಕಾಗಿಯೇ ಯಂತ್ರಗಳಿಗೂ ಮಿತಿ: ಸುಮಾರು 19,000 ಇದ್ದದ್ದನ್ನು 6,104ಕ್ಕೆ ಇಳಿಸಿ, ಅದರಲ್ಲೂ ನತಾಂಜ್ ಪುಷ್ಟೀಕರಣ ಘಟಕದ 5,060ರಲ್ಲಿ ಮಾತ್ರ ಹತ್ತು ವರ್ಷ ಪುಷ್ಟೀಕರಣ ನಡೆಯಬೇಕು. ಕದ್ದು ಹೊರಟರೂ 25 ಕಿಲೋ ಕೂಡಿಸಲು ಒಂದು ವರ್ಷವಾದರೂ ಹಿಡಿಯಲಿ ಎಂಬುದೇ ಉದ್ದೇಶ. ಆ ವರ್ಷದೊಳಗೆ ಜಗತ್ತಿಗೆ ಗೊತ್ತಾಗುತ್ತದೆ, ಏನಾದರೂ ಮಾಡಬಹುದು. ಅರಾಕ್‌ನ ಭಾರಜಲ ರಿಯಾಕ್ಟರಿನ ಗರ್ಭವನ್ನು ಹೊರತೆಗೆದು ಕಾಂಕ್ರೀಟ್ ಸುರಿದರು, ಬಾಂಬಿಗೆ ಇರುವ ಇನ್ನೊಂದು ದಾರಿಯಾದ ಪ್ಲುಟೋನಿಯಂ ದಾರಿಯೂ ಮುಚ್ಚಿತು. ನನ್ನ ಮಟ್ಟಿಗೆ ಇಷ್ಟು ಅಚ್ಚುಕಟ್ಟಾಗಿ ಹೆಣೆದ ಅಸ್ತ್ರ ನಿಯಂತ್ರಣ ಒಪ್ಪಂದಗಳು ಅಪರೂಪ. ಮಿತಿಗಳಲ್ಲಿ ಹಲವು 10, 15 ವರ್ಷಕ್ಕೆ ಮುಗಿಯುತ್ತಿದ್ದವು ಎಂಬ ಆಕ್ಷೇಪ ಮಾತ್ರ ಸುಳ್ಳಲ್ಲ.

2018ರ ಮೇ 8ರಂದು ಅಮೆರಿಕ ಇದರಿಂದ ಹೊರನಡೆಯಿತು. ಇರಾನ್ ಮಿತಿಯೊಳಗೇ ಇದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತೆ ಮತ್ತೆ ವರದಿ ಕೊಟ್ಟಿದ್ದ ಹೊತ್ತದು. ಇರಾನಿನ ಸಿಟ್ಟಿಗೆ ಇಲ್ಲಿ ಗಟ್ಟಿ ಕಾರಣವಿದೆ, ಅದನ್ನು ಮುಚ್ಚಿಟ್ಟು ಬರೆಯುವುದು ನ್ಯಾಯವಲ್ಲ. ಒಂದು ವರ್ಷ ಕಾದು 2019ರ ಜುಲೈನಲ್ಲಿ ಅದು 300 ಕಿಲೋ ದಾಟಿತು, 2021ರ ಜನವರಿಯಲ್ಲಿ ಶೇ 20ಕ್ಕೆ, ಏಪ್ರಿಲ್‌ನಲ್ಲಿ ಶೇ 60ಕ್ಕೆ ಏರಿತು. ಆದರೆ ಸಿಟ್ಟಿಗೆ ಕಾರಣವಿದ್ದ ಮಾತ್ರಕ್ಕೆ ಶೇ 60ಕ್ಕೆ ಕಾರಣ ಸಿಕ್ಕಂತಾಗಲಿಲ್ಲ. ಬುಷೆಹರ್ ವಿದ್ಯುತ್ ಸ್ಥಾವರಕ್ಕೆ ಇಂಧನ ರಷ್ಯಾದಿಂದ ಬರುತ್ತದೆ, ಅಂಥ ಸ್ಥಾವರಕ್ಕೆ ಶೇ 5ರೊಳಗಿನದೇ ಸಾಕು. ಟೆಹರಾನಿನ ಸಂಶೋಧನಾ ರಿಯಾಕ್ಟರಿಗೆ ಶೇ 20ರ ಆಸುಪಾಸು ಬೇಕು. ಶೇ 60ರದ್ದನ್ನು ನೂರಾರು ಕಿಲೋ ಕೂಡಿಡಲು ನಾಗರಿಕ ಕಾರಣ ಕಾಣುವುದಿಲ್ಲ.

ಗೋಗಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಇರಾನ್ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ 1968ರಲ್ಲೇ ಸಹಿ ಹಾಕಿದೆ, ಬಾಂಬ್ ಮಾಡುವುದಿಲ್ಲ, ಲೆಕ್ಕ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟಿದೆ. ಭಾರತ ಸಹಿ ಹಾಕಿಲ್ಲ. ನಮ್ಮ ಕೈಗಾದ ರಿಯಾಕ್ಟರುಗಳು ಭಾರಜಲದ ನೆರವಿನಿಂದ ಸಾವಿರಕ್ಕೆ ಏಳರ ನೈಸರ್ಗಿಕ ಯುರೇನಿಯಂ ಮೇಲೇ ಓಡುತ್ತವೆ, ಅವಕ್ಕೆ ಈ ಹಸನು ಮಾಡುವ ಕೆಲಸವೇ ಬೇಡ. ಗೋಗಿಯವರಿಗೆ ನೀರು, ಹೊಲದ ಚಿಂತೆ ಇದೆಯಲ್ಲ, ಅದು ಇದಕ್ಕಿಂತ ಹತ್ತಿರದ್ದು. ಅದಕ್ಕೆ ಬೇರೆಯೇ ಪುಟ ಬೇಕು.

ಇನ್ನು ಕಣ್ಗಾವಲು. ಅಣುಶಕ್ತಿ ಸಂಸ್ಥೆಯ ತನಿಖಾಧಿಕಾರಿಗಳ ಕೈಯಲ್ಲಿರುವ ಅತ್ಯಂತ ಚೂಪಾದ ಸಾಧನ ಅಂಗೈಯಗಲದ ಹತ್ತಿ ಬಟ್ಟೆ. ಪೈಪು, ಗೋಡೆ, ಕವಾಟದ ಮೇಲೆ ಅದನ್ನು ಒರೆಸಿ, ಎರಡೆರಡು ಚೀಲದಲ್ಲಿ ಮುಚ್ಚಿ, ವಿಯೆನ್ನಾ ಹತ್ತಿರದ ಸೈಬರ್ಸ್‌ಡಾರ್ಫ್ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬಟ್ಟೆಗೆ ಅಂಟಿದ, ಬರಿಗಣ್ಣಿಗೆ ಕಾಣದ ಒಂದೇ ಒಂದು ಕಣದಿಂದ ಶೇಕಡಾ ಎಷ್ಟರದ್ದು ಎಂದು ಹೇಳಬಲ್ಲರು. ಇರಾನಿನ ಇನ್ನೊಂದು ಪುಷ್ಟೀಕರಣ ಘಟಕ ಫೋರ್ಡೋದಲ್ಲಿ ಶೇ 83.7ರ ಕಣಗಳು ಸಿಕ್ಕಿದ್ದು 2023ರಲ್ಲಿ ಹೀಗೆಯೇ. ಅದು ಬೇಕೆಂದು ಮಾಡಿದ್ದಲ್ಲ, ಯಂತ್ರಸಾಲಿನ ಏರಿಳಿತ ಎಂದು ಇರಾನ್ ಹೇಳಿತು. ಇದರ ಜೊತೆಗೆ ಸಿಲಿಂಡರುಗಳ ತೂಕ, ಮುದ್ರೆ, ಕ್ಯಾಮೆರಾ. 2022ರ ಜೂನ್‌ನಲ್ಲಿ ಇರಾನ್ 27 ಕ್ಯಾಮೆರಾ ತೆಗೆಸಿತು. ಅಂದಿನಿಂದ ಹೊಸ ಸೆಂಟ್ರಿಫ್ಯೂಜ್ ಎಷ್ಟು ತಯಾರಾದವು ಎಂಬ ಲೆಕ್ಕದ ಎಳೆಯೇ ಕಡಿಯಿತು. ಕ್ಯಾಮೆರಾ ಮತ್ತೆ ಹಾಕಬಹುದು, ಆ ನಡುವಿನ ತಿಂಗಳುಗಳ ಚಿತ್ರ ಎಲ್ಲಿಂದ ತರುವುದು?

ನಿಮ್ಮ ಕೊನೆಯ ಪ್ರಶ್ನೆ. 2025ರ ಜೂನ್ 13ರಂದು ಇಸ್ರೇಲ್, 22ರಂದು ಅಮೆರಿಕ ದಾಳಿ ಮಾಡಿದವು. ನತಾಂಜ್, ಫೋರ್ಡೋ, ಇಸ್ಫಹಾನ್‌ನ ಅಣು ಘಟಕಗಳು ಕೆಟ್ಟ ಪೆಟ್ಟು ತಿಂದವು. ಆಗಸ್ಟ್ 28ರಂದು ಬ್ರಿಟನ್, ಫ್ರಾನ್ಸ್, ಜರ್ಮನಿ 2015ರ ನಿರ್ಣಯದ, ಅಂದರೆ ಒಪ್ಪಂದಕ್ಕೆ ಪ್ರತಿಯಾಗಿ ಇರಾನಿನ ಮೇಲಿನ ದಿಗ್ಬಂಧನಗಳನ್ನು ತೆಗೆದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯದ, ಒಂದು ಕೀಲಿ ತಿರುಗಿಸಿದವು. ಆ ಕೀಲಿಯ ವಿಚಿತ್ರ ಇದು: ದಿಗ್ಬಂಧನ ಮತ್ತೆ ಹೇರಬೇಕೇ ಎಂದು ಭದ್ರತಾ ಮಂಡಳಿ ಮತ ಹಾಕುವುದಿಲ್ಲ, ರಿಯಾಯಿತಿ ಮುಂದುವರಿಯಬೇಕೇ ಎಂದು ಹಾಕುತ್ತದೆ. 30 ದಿನದೊಳಗೆ ಆ ನಿರ್ಣಯ ಪಾಸಾಗದಿದ್ದರೆ ಹಳೆಯ ದಿಗ್ಬಂಧನ ತಾನಾಗೇ ವಾಪಸು. ಹಾಗಾಗಿ ರಷ್ಯಾ, ಚೀನಾಗಳ ವೀಟೊ ಇಲ್ಲಿ ಕೆಲಸಕ್ಕೆ ಬರಲಿಲ್ಲ, ಸೆಪ್ಟೆಂಬರ್ 28ರ ಹೊತ್ತಿಗೆ ದಿಗ್ಬಂಧನ ಮರಳಿತು. ಇದು ಕಾನೂನುಬದ್ಧವಲ್ಲ ಎಂದು ಇರಾನ್, ರಷ್ಯಾ, ಚೀನಾ ವಾದಿಸಿದವು.

ಆದರೆ ದಾಳಿಗೆ ಸಿಕ್ಕಿದ್ದು ಕಟ್ಟಡ ಮತ್ತು ಯಂತ್ರ. ದಾಳಿ ಶುರುವಾದ ಹೊತ್ತಿಗೆ ಅಣುಶಕ್ತಿ ಸಂಸ್ಥೆಯ ಅಂದಾಜಿನಂತೆ ಶೇ 60ರ ಯುರೇನಿಯಂ 440.9 ಕಿಲೋ ಇತ್ತು. 42 ಕಿಲೋದಲ್ಲಿ ಆ 25 ಕಿಲೋ 235 ಇರುತ್ತದೆ, ಭಾಗಿಸಿದರೆ ಹತ್ತು ಬಾಂಬಿನ ಮೂಲವಸ್ತು. ಅನಿಲವನ್ನು ಲೋಹ ಮಾಡಿ ಸಿಡಿತಲೆ ಕೂಡಿಸುವುದು ಬೇರೆ ಕೆಲಸ, ಅದಕ್ಕೆ ತಿಂಗಳುಗಳೇ ಬೇಕು. ಆದರೆ ಸರಕು ತುಂಬುವುದು ಒಂದು ವಾಹನದ ಮೇಲೆ ಹೇರಬಹುದಾದ ಸಣ್ಣ ಸಿಲಿಂಡರುಗಳಲ್ಲಿ. ದಾಳಿಯಾಗಿ ತಿಂಗಳುಗಳು ಕಳೆದರೂ ತನಿಖಾಧಿಕಾರಿಗಳಿಗೆ ಅವನ್ನು ನೋಡಿ, ತೂಗಿ ಬರೆದುಕೊಳ್ಳಲು ಆಗಲಿಲ್ಲ. ಮಾತಾಡಲು ಉಳಿದದ್ದು ಏನು ಎಂದಿರಲ್ಲ, ಇದೇ. ಮೇಜಿನ ಮೇಲೆ ಯಾವ ಕರಡು ಬಂದರೂ ನಾನು ಮೊದಲು ಹುಡುಕುವುದು ಒಂದೇ ಕಲಮು: ಸಿಲಿಂಡರಿನ ನಂಬರು ಓದಿ, ತಕ್ಕಡಿಗಿಟ್ಟು, ಮಾದರಿ ತೆಗೆದು, ಮುದ್ರೆ ಒತ್ತಲು ತನಿಖಾಧಿಕಾರಿಯನ್ನು ಯಾವ ತಾರೀಕಿನಿಂದ ಒಳಗೆ ಬಿಡುತ್ತಾರೆ ಎಂಬುದು.