ಪಿಸ್ತೂಲು ಒಯ್ಯುವ ಹಕ್ಕು ಮತ್ತು ಅಗತ್ಯ

ಅಮೆರಿಕದಲ್ಲಿ ನೆಲೆಸಿ, ಮನೆ ಮತ್ತು ಕಚೇರಿಯ ನಡುವೆ ಮಾತ್ರ ಓಡಾಡುವ ತಮಗೂ ದಿನವೂ ಅಂಗಿಯ ಮರೆಯಲ್ಲಿ ಪಿಸ್ತೂಲು ಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯ ಹೊರಗೂ ಆತ್ಮರಕ್ಷಣೆಗಾಗಿ ಪಿಸ್ತೂಲು ಒಯ್ಯುವ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಬ್ರೂಯೆನ್ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಪರವಾನಗಿಯನ್ನೇ ಕೇಳದ ರಾಜ್ಯಗಳೂ ಅನೇಕ ಇವೆ. ಆದರೆ ಹಕ್ಕಿದೆ ಎಂದಮಾತ್ರಕ್ಕೆ ಅಗತ್ಯವೂ ಇದೆ ಎಂದಾಗದು.

ಎದುರಿಗೆ ಅಪಾಯ ಬಂದು ನಿಂತಾಗ ಅಂಗಿಯನ್ನು ಮೇಲೆತ್ತಿ, ಸೊಂಟದಿಂದ ಪಿಸ್ತೂಲು ಹೊರತೆಗೆದು, ಗುರಿಯ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿ ಟ್ರಿಗರ್ ಒತ್ತುವುದನ್ನೆಲ್ಲ ಎರಡು ಮೂರು ಸೆಕೆಂಡುಗಳಲ್ಲಿ, ಅದೂ ನಡುಗುವ ಕೈಯಿಂದ ಮಾಡಬೇಕಾಗುತ್ತದೆ. ನಿಯಮಿತ ಅಭ್ಯಾಸವಿಲ್ಲದವರಿಗೆ ಇದು ಆಗದ ಮಾತು. ಉಳಿದ ದಿನಗಳಲ್ಲೆಲ್ಲ ಅದೊಂದು ಹೊರೆಯೇ: ಶೌಚಾಲಯದಲ್ಲಿ ಬಿಚ್ಚಿಟ್ಟು ಮರೆತು ಬರುವವರಿದ್ದಾರೆ, ನಿಲ್ಲಿಸಿದ ಕಾರಿನಿಂದ ಕಳವಾಗುವುದೂ ಇದೆ. ಆ ದೇಶದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೆಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ನಿರ್ದಿಷ್ಟ ವ್ಯಕ್ತಿಯಿಂದ ಬೆದರಿಕೆ ಇರುವವರ ಮಾತು ಬೇರೆ. ತಾವು ಅಂಥದ್ದೇನನ್ನೂ ಬರೆದಿಲ್ಲ. ಆದರೂ ಕೊಳ್ಳುವುದೇ ಆದರೆ ಮೊದಲು ತರಬೇತಿ ಪಡೆಯಿರಿ, ಮನೆಯಲ್ಲಿ ಬೀಗವಿರುವ ಪೆಟ್ಟಿಗೆಯಲ್ಲಿಡಿ.