ಅಟ್ಟದಲ್ಲಿ ಸಿಕ್ಕ ರಾಕ್ ಬ್ಯಾಂಡ್ ಕಾಗದ: ಎಷ್ಟು ಅಂತ ಕೇಳುವ ಮೊದಲು ಯಾರದ್ದು ಅಂತ ನೋಡಿ

2023ರಲ್ಲಿ ಲಂಡನ್ನಿನ ಹರಾಜು ಸಂಸ್ಥೆ ಸೋಥೆಬೀಸ್‌ನಲ್ಲಿ ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಮನೆ ಸಾಮಾನು ಹರಾಜಾಯಿತಲ್ಲ, ಅಲ್ಲಿಂದ ಈಚೆಗೆ ನನಗೆ ಬರುವ ಪತ್ರಗಳು ಜಾಸ್ತಿಯಾಗಿವೆ. ಅವರ ಪಿಯಾನೊ 17 ಲಕ್ಷ ಪೌಂಡ್ ದಾಟಿತು. ಒಂದು ಹಾಡಿನ ಕೈಬರಹದ ಕರಡು 13 ಲಕ್ಷ ದಾಟಿತು. ಸುದ್ದಿ ಓದಿದವರಿಗೆಲ್ಲ ತಮ್ಮ ಮನೆಯ ಅಟ್ಟ ನೆನಪಾಯಿತು.

ಹರಾಜಿಗೆ ಬರುವ ಸಂಗೀತದವರ ಹಳೆ ಕಾಗದಪತ್ರ ನೋಡಿ, ಪಟ್ಟಿ ಮಾಡಿಕೊಡುವುದು ನನ್ನ ಕೆಲಸ. ಇಂಗ್ಲೆಂಡಿನಲ್ಲಿ ಬಹಳ ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹರಾಜು ಹೇಗೆ ನಡೆಯುತ್ತದೆ, ರಿಸರ್ವ್ ಬೆಲೆ ಅಂದರೇನು ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಮತ್ತೆ ಮತ್ತೆ ಬಂದು ತಲೆ ತಿನ್ನುವ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಲ್ಕತ್ತಾದ ಡಮ್‌ಡಮ್ ಫ್ಯಾಕ್ಟರಿಯಲ್ಲಿ ತಯಾರಾದ ಬೀಟಲ್ಸ್ ಎಲ್‌ಪಿ ನಮ್ಮಲ್ಲಿದೆ. ಕವರ್ ಸ್ವಲ್ಪ ಹರಿದಿದೆ, ಮೇಲೆ ಚಿಕ್ಕಪ್ಪ ಪೆನ್ನಲ್ಲಿ ಹೆಸರು ಬರೆದಿದ್ದಾರೆ. ಲಕ್ಷಾಂತರ ರೂಪಾಯಿ ಬರುತ್ತದಂತೆ, ಹೌದಾ? (ಮೈಸೂರು)

ಇಲ್ಲ. 2015ರಲ್ಲಿ 7,90,000 ಡಾಲರಿಗೆ ಹೋದ ಎಲ್‌ಪಿಯ ಸುದ್ದಿ ಓದಿ ನೀವು ಕೇಳುತ್ತಿದ್ದೀರಿ ಅಂತ ಗೊತ್ತು. ಅದು ಬೀಟಲ್ಸ್ ಡ್ರಮ್ಮರ್ ರಿಂಗೋ ಸ್ಟಾರ್ ಅವರ ಸ್ವಂತ ಪ್ರತಿ. ಅದರ ಮೇಲೆ ಇದ್ದದ್ದು 0000001 ಎಂಬ ನಂಬರ್, ಚಿಕ್ಕಪ್ಪನ ಹೆಸರಲ್ಲ.

ಪ್ರಶ್ನೆ: 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಟಿಕೆಟನ್ನು ಹಾಳಾಗದಿರಲಿ ಅಂತ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ. ಮಾರಬಹುದಾ? (ಬೆಂಗಳೂರು)

ಹಾಳಾಗಿದೆ. ಲ್ಯಾಮಿನೇಷನ್ ಅಂದರೆ ಬಿಸಿ ಮಾಡಿದ ಅಂಟನ್ನು ಕಾಗದದೊಳಕ್ಕೆ ಒತ್ತುವುದು, ಆಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಮದುವೆ ಫೋಟೋವರೆಗೆ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವ ಚಟ ನಮ್ಮವರಿಗೆ ಯಾವಾಗ ಅಂಟಿತೋ! ಅಂದು ಆ ಮಳೆಯಲ್ಲಿ ನಿಂತು ನೋಡಿದ್ದೀರಿ, ಆ ನೆನಪಿಗೆ ಗೋಡೆಗೆ ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಮಾವನವರು 1970ರ ದಶಕದಲ್ಲಿ ಲಂಡನ್ನಿನ ಒಂದು ಮ್ಯೂಸಿಕ್ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಮೂರು ಪೆಟ್ಟಿಗೆ ಸಿಕ್ಕಿವೆ. ಒಪ್ಪಂದಗಳ ಕಾರ್ಬನ್ ಪ್ರತಿ, ರಾಯಲ್ಟಿ ಲೆಕ್ಕ, ಟೂರಿನ ಖರ್ಚಿನ ಪಟ್ಟಿ, ಒಬ್ಬ ಗಿಟಾರ್ ವಾದಕರು ಮಾವನಿಗೆ ಬರೆದ ಪತ್ರಗಳು, ಎರಡು ರೀಲ್ ಟೇಪ್. ಹರಾಜಿಗೆ ಹಾಕಿದರೆ ಎಷ್ಟು ಬರಬಹುದು ಮೇಡಂ? (ಲೆಸ್ಟರ್)

ಎಷ್ಟು ಬರಬಹುದು ಅಂತ ಎಲ್ಲರೂ ಕೇಳುತ್ತಾರೆ. ಇದು ಯಾರದ್ದು ಅಂತ ಕೇಳಿದವರು ಬೆರಳೆಣಿಕೆಯಷ್ಟು ಜನ. ಊರಲ್ಲಿ ಒಂದು 30-40 ಸೈಟು ತೆಗೆದುಕೊಳ್ಳುವಾಗ ಮದರ್ ಡೀಡ್ ಕೇಳುತ್ತೀರಿ, ಇಸಿ ತೆಗೆಸುತ್ತೀರಿ, ವಕೀಲರಿಗೆ ತೋರಿಸುತ್ತೀರಿ. ಆ ಬುದ್ಧಿ ಅಟ್ಟ ಹತ್ತಿದ ಕೂಡಲೇ ಎಲ್ಲಿಗೆ ಹೋಗುತ್ತದೆ? ಕಾಗದಕ್ಕೂ ಮದರ್ ಡೀಡ್ ಬೇಕು. ಯಾರ ಕೈಯಿಂದ ಯಾರ ಕೈಗೆ, ಯಾವಾಗ, ಯಾಕೆ ಬಂತು ಎಂಬ ಲೆಕ್ಕ. ನಮ್ಮ ಕೆಲಸದಲ್ಲಿ ಅದಕ್ಕೆ ಪ್ರೊವೆನನ್ಸ್ ಅನ್ನುತ್ತಾರೆ.

ಮ್ಯಾಲ್ ಇವಾನ್ಸ್ ಅಂತ ಒಬ್ಬರಿದ್ದರು. ಬೀಟಲ್ಸ್‌ನ ರೋಡ್ ಮ್ಯಾನೇಜರ್. ವ್ಯಾನ್ ಓಡಿಸುವುದು, ಡ್ರಮ್ ಹೊರುವುದು, ಟೀ ತರುವುದು, ಹಾಡು ಬರೆದ ಹಾಳೆ ಎತ್ತಿಡುವುದು ಎಲ್ಲಾ ಅವರೇ. 1976ರಲ್ಲಿ ತೀರಿಕೊಂಡರು. ಅವರ ಮನೆಯಲ್ಲಿದ್ದ, ಬ್ಯಾಂಡಿನ ಜಾನ್ ಲೆನನ್ ಕೈಬರಹದ ಒಂದು ಹಾಳೆ 1992ರಲ್ಲಿ ಸೋಥೆಬೀಸ್‌ನಲ್ಲಿ ಸುಮಾರು 56,000 ಪೌಂಡಿಗೆ ಮಾರಾಟವಾಯಿತು. ಅದೇ ಹಾಳೆ 2010ರಲ್ಲಿ ನ್ಯೂಯಾರ್ಕ್‌ನಲ್ಲಿ 12 ಲಕ್ಷ ಡಾಲರ್ ತಂದಿತು. ಇದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದೇ ಮನೆಯ ಇನ್ನೊಂದು ಹಾಳೆಯ ಕಥೆ ಮಾತ್ರ ಯಾರಿಗೂ ಬೇಡ. ಅದನ್ನು ಮಾರಲು ಹೊರಟಾಗ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಕೋರ್ಟಿಗೆ ಹೋದರು, 1996ರಲ್ಲಿ ಮಾರಾಟ ನಿಂತಿತು. ಇವಾನ್ಸ್ ಅದನ್ನು ಎತ್ತಿಟ್ಟದ್ದು ನೌಕರಿಯ ಭಾಗವಾಗಿ, ಹಾಗಾಗಿ ಅದು ಬ್ಯಾಂಡಿಗೆ ಸೇರಿದ್ದು ಎಂಬುದು ಮೆಕಾರ್ಟ್ನಿ ಅವರ ವಾದ. ನಿಮ್ಮ ಮಾವನವರೂ ನೌಕರರೇ ಅಲ್ವಾ?

ಹಳೇ ಕಥೆ ಅನ್ನಬೇಡಿ. ಈಗಲ್ಸ್ ಬ್ಯಾಂಡಿನ ಡಾನ್ ಹೆನ್ಲಿ ಅವರ ಕೈಬರಹದ ಸುಮಾರು 100 ಹಾಳೆಗಳ ಮೇಲೆ ಮ್ಯಾನ್‌ಹಟನ್‌ನಲ್ಲಿ ಕ್ರಿಮಿನಲ್ ಕೇಸೇ ನಡೆಯಿತು. 1970ರ ದಶಕದ ಕೊನೆಗೆ ಬ್ಯಾಂಡಿನ ಚರಿತ್ರೆ ಬರೆಯಲು ಒಬ್ಬ ಲೇಖಕರನ್ನು ಗೊತ್ತು ಮಾಡಿದ್ದರು. ಹಾಳೆಗಳು ಅವರ ಬಳಿ ಉಳಿದವು, ಪುಸ್ತಕ ಬರಲೇ ಇಲ್ಲ. ದಶಕಗಳ ಮೇಲೆ ಅವರು ಅದನ್ನು ಮಾರಿದರು, ಅಲ್ಲಿಂದ ಇನ್ನೂ ಕೈ ಬದಲಾಯಿತು. ಕೆಲವು ಹಾಳೆ ಹರಾಜಿಗೆ ಬಂದದ್ದು ಕಂಡ ಹೆನ್ಲಿ 2012ರಲ್ಲಿ 4 ಪುಟವನ್ನು 8,500 ಡಾಲರ್ ಕೊಟ್ಟು ತಾವೇ ಕೊಂಡುಕೊಂಡರು, ಇವು ಕದ್ದ ಮಾಲು ಅಂತ ದೂರನ್ನೂ ಕೊಟ್ಟರು. 2022ರಲ್ಲಿ, ಆ ಹಾಳೆಗಳನ್ನು ಆಮೇಲೆ ಮಾರಲು ಹೊರಟ ಮೂವರ ಮೇಲೆ ಆರೋಪ ಬಂತು. 2024ರ ಫೆಬ್ರವರಿಯಲ್ಲಿ ವಿಚಾರಣೆ ಶುರುವಾಗಿ, ಮಾರ್ಚ್‌ನಲ್ಲಿ ಸರ್ಕಾರಿ ವಕೀಲರೇ ಕೇಸು ಹಿಂದಕ್ಕೆ ತೆಗೆದುಕೊಂಡರು. ಹೆನ್ಲಿ ಕಡೆಯವರ ಸಾವಿರಾರು ಪುಟ ಇಮೇಲ್ ತಡವಾಗಿ ಹೊರಬಿದ್ದದ್ದು ಕಾರಣ. ಮೂವರೂ ಬಿಡುಗಡೆಯಾದರು, ಸರಿ. ಆದರೆ ಅಷ್ಟು ವರ್ಷ ವಕೀಲರ ಹಿಂದೆ ಅಲೆದದ್ದು? ಇಷ್ಟಕ್ಕೆಲ್ಲ ಮೂಲ ಒಂದೇ: ಆ ಹಾಳೆಗಳನ್ನು ಕೊಟ್ಟದ್ದಾ, ನೋಡಲು ಬಿಟ್ಟದ್ದಾ ಎಂಬ ಮಾತು.

ಹಾಗಾಗಿ ನಿಮ್ಮ ಮೂರು ಪೆಟ್ಟಿಗೆಗೆ ಬರೋಣ.

ಮಾವನ ಹೆಸರಿಗೆ ಬಂದ ಪತ್ರಗಳ ತಂಟೆ ಕಡಿಮೆ. ಪತ್ರ ಯಾರಿಗೆ ಬಂತೋ ಆ ಕಾಗದ ಅವರದ್ದು, ಅವರ ನಂತರ ವಾರಸುದಾರರದ್ದು. ಆದರೆ ಅದರೊಳಗಿನ ಮಾತು ಬರೆದವರದ್ದು. ಅವರು ಸತ್ತು 70 ವರ್ಷ ಆಗುವವರೆಗೂ ಅದನ್ನು ಅಚ್ಚು ಹಾಕಿಸುವ ಹಕ್ಕು ನಿಮಗಿಲ್ಲ. ಇಡೀ ಪುಟದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದರೆ ಈಗಲೇ ಡಿಲೀಟ್ ಮಾಡಿ. ನೀವು ಹಾಕಿರುತ್ತೀರಿ, ನನಗೆ ಗೊತ್ತು.

ಒಪ್ಪಂದ, ರಾಯಲ್ಟಿ ಲೆಕ್ಕ, ಟೂರಿನ ಖರ್ಚು, ಇವು ಆಫೀಸಿನ ಕಾಗದ. "ಆಫೀಸ್ ಖಾಲಿ ಮಾಡುವಾಗ ಕಸಕ್ಕೆ ಹಾಕಿದ್ದರು, ಮಾವ ಮನೆಗೆ ತಂದರು" ಎಂಬ ಕಥೆ ನೀವು ಹೇಳುವ ಮೊದಲೇ ನನಗೆ ಕೇಳಿಸುತ್ತಿದೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕಂಪನಿ ಹೆಸರು ಬದಲಾಗಿರಲಿ, ಇನ್ನೊಬ್ಬರ ಕೈ ಸೇರಿರಲಿ, ಹಕ್ಕು ಕೇಳಲು ಯಾರೋ ಒಬ್ಬರು ಇದ್ದೇ ಇರುತ್ತಾರೆ. ಹರಾಜು ಸಂಸ್ಥೆ ನಿಮ್ಮಿಂದ "ಇದು ನನ್ನದೇ, ಮಾರುವ ಹಕ್ಕು ನನಗಿದೆ" ಅಂತ ಸಹಿ ಹಾಕಿಸಿಕೊಳ್ಳುತ್ತದೆ. ನಾಳೆ ತಕರಾರು ಬಂದರೆ ಅವರು ಆ ಕಾಗದ ತೋರಿಸಿ ಪಕ್ಕಕ್ಕೆ ಸರಿಯುತ್ತಾರೆ. ಮೊದಲು ಒಬ್ಬ ಸಾಲಿಸಿಟರ್, ಅಂದರೆ ಇಲ್ಲಿನ ವಕೀಲರ ಹತ್ತಿರ ಹೋಗಿ. ಮಾವನ ಜೊತೆ ಕೆಲಸ ಮಾಡಿದವರು ಯಾರಾದರೂ ಬದುಕಿದ್ದರೆ ಅವರಿಂದ ನಡೆದದ್ದನ್ನು ಬರೆಸಿಕೊಳ್ಳಿ. ಮಾವನ ಸಂಬಳದ ಚೀಟಿ, ಆಫೀಸಿನ ಗುರುತಿನ ಚೀಟಿ, ಗುಂಪು ಫೋಟೋ ಹುಡುಕಿ. ಕಥೆಗೆ ಒಗ್ಗರಣೆ ಹಾಕಬೇಡಿ. ಮಾವನವರು ಬ್ಯಾಂಡಿನವರ ಜೊತೆ ಊಟ ಮಾಡುತ್ತಿದ್ದರು ಅಂತ ಸೇರಿಸಿದರೆ ಯಾರಾದರೂ ತಾರೀಖು ತಾಳೆ ಹಾಕಿ ನೋಡುತ್ತಾರೆ, ಆಗ ನಿಜವಾದ ಮಾತನ್ನೂ ನಂಬುವುದಿಲ್ಲ.

ಅಲ್ಲಿಯವರೆಗೆ ಪೆಟ್ಟಿಗೆ ಇದ್ದ ಹಾಗೇ ಇರಲಿ. ತಾರೀಖಿನ ಪ್ರಕಾರ ಜೋಡಿಸುತ್ತೇನೆ, ಪಂಚ್ ಮಾಡಿ ಫೈಲಿಗೆ ಹಾಕುತ್ತೇನೆ ಅಂತ ಹೊರಡಬೇಡಿ. ಸೆಲ್ಲೋಟೇಪ್, ಫೆವಿಕಾಲ್ ಮುಟ್ಟಬೇಡಿ. ಯಾವ ಕಾಗದದ ಪಕ್ಕ ಯಾವುದಿತ್ತು ಎಂಬುದೂ ಸಾಕ್ಷಿಯೇ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಒಮ್ಮೆ ಅಚ್ಚುಕಟ್ಟು ಮಾಡಲು ಹೋಗಿ ಪತ್ರಗಳನ್ನೆಲ್ಲ ಲಕೋಟೆಯಿಂದ ತೆಗೆದು, ಲಕೋಟೆಗಳನ್ನು ಬೇರೆ ಕಟ್ಟು ಕಟ್ಟಿಟ್ಟೆ. ಪತ್ರಗಳ ಮೇಲೆ ತಾರೀಖಿರಲಿಲ್ಲ. ತಾರೀಖು ಇದ್ದದ್ದು ಲಕೋಟೆಯ ಅಂಚೆ ಮುದ್ರೆಯಲ್ಲಿ. ಯಾವುದು ಯಾವುದರದ್ದು ಅಂತ ಹೊಂದಿಸಲು ಮೂರು ವಾರ ಕೂತೆ. ಕೊನೆಗೂ ಏಳು ಪತ್ರ ಅನಾಥವಾಗಿಯೇ ಉಳಿದವು.

ಟೇಪುಗಳನ್ನು ದಯವಿಟ್ಟು ಹಾಕಿ ಕೇಳಬೇಡಿ. ಆ ಕಾಲದ ಕೆಲವು ಟೇಪುಗಳಲ್ಲಿ ಅಂಟು ತೇವ ಹೀರಿ ಜಿಗುಟಾಗಿರುತ್ತದೆ, ಮೆಷಿನ್ ಮೇಲೆ ಓಡಿಸಿದರೆ ಧ್ವನಿ ಇರುವ ಪದರವೇ ಕಿತ್ತು ಬರುತ್ತದೆ. ಗೊತ್ತಿದ್ದವರು ಅದನ್ನು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಆಮೇಲೆ ನಕಲು ತೆಗೆಯುತ್ತಾರೆ. ಯಾರೋ ವಿಡಿಯೊದಲ್ಲಿ ಅಡುಗೆಮನೆಯ ಓವನ್ನಿನಲ್ಲಿ ಮಾಡಿ ತೋರಿಸಿದರಂತೆ. ಅವರ ಟೇಪು, ಅವರ ಹಣೆಬರಹ. ಇನ್ನು ಧ್ವನಿಯ ಹಕ್ಕು ಬೇರೆಯೇ. ರೀಲು ನಿಮ್ಮದು ಅಂತ ಸಾಬೀತಾದರೂ ಹಾಡು ನಿಮ್ಮದಾಗುವುದಿಲ್ಲ.

ಈಗ ಬೆಲೆ. ಒಪ್ಪಂದ ಅಂದ ಕೂಡಲೇ ಎಲ್ಲರೂ ಬೀಟಲ್ಸ್ ಒಪ್ಪಂದದ ಉದಾಹರಣೆ ಕೊಡುತ್ತಾರೆ. 1962ರ ಜನವರಿಯಲ್ಲಿ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಜೊತೆ ಮಾಡಿಕೊಂಡ ಮೊದಲ ಒಪ್ಪಂದ 2019ರಲ್ಲಿ 2,75,000 ಪೌಂಡಿಗೆ ಹೋಯಿತು. ಅದರಲ್ಲಿ ಎಪ್‌ಸ್ಟೀನ್ ಸಹಿಯೇ ಇಲ್ಲ. ಅದೇ ವರ್ಷದ ಅಕ್ಟೋಬರ್‌ನ ಒಪ್ಪಂದ 2015ರಲ್ಲಿ 3,65,000 ಪೌಂಡ್ ತಂದಿತ್ತು. ಬ್ಯಾಂಡಿನ ಪಾಲ್, ಜಾರ್ಜ್ ಇಬ್ಬರಿಗೂ ಆಗ 21 ವರ್ಷ ತುಂಬಿರಲಿಲ್ಲ, ಹಾಗಾಗಿ ಅದಕ್ಕೆ ಅವರ ಅಪ್ಪಂದಿರೂ ಸಹಿ ಹಾಕಿದ್ದಾರೆ. ಅಪ್ಪನ ಸಹಿ ಬೇಕಾಗಿದ್ದ ಹುಡುಗರು! ಆ ಹಾಳೆಯಲ್ಲಿ ಕಥೆ ಇದೆ. ನಿಮ್ಮ ಕಾರ್ಬನ್ ಪ್ರತಿಯಲ್ಲಿ ಸಹಿಯೂ ಇಲ್ಲ, ಕಥೆಯೂ ಬಹುಶಃ ಇಲ್ಲ. ರಾಯಲ್ಟಿ ಲೆಕ್ಕವನ್ನು ಕಟ್ಟುಗಟ್ಟಲೆ ಒಟ್ಟಿಗೆ ಮಾರುತ್ತಾರೆ. ನನಗಾದರೆ ಟೂರಿನ ಖರ್ಚಿನ ಪಟ್ಟಿ ಇಷ್ಟ. ಯಾವ ಹೋಟೆಲಿನ ಬಾಗಿಲು ಮುರಿದದ್ದಕ್ಕೆ ಎಷ್ಟು ದಂಡ ಕಟ್ಟಿದರು ಎಂಬುದು ಅದರಲ್ಲೇ ಸಿಗುವುದು. ಕೊಳ್ಳುವವರಿಗೂ ಅದೇ ಇಷ್ಟ. ಹಾಗೆಯೇ ಗಿಟಾರ್ ವಾದಕರು ದುಡ್ಡಿಗಾಗಿ ಜಗಳ ಮಾಡಿ ಬರೆದ ಪತ್ರ ಇದ್ದರೆ, ಹಬ್ಬದ ಶುಭಾಶಯದ ಪತ್ರಕ್ಕಿಂತ ಅದಕ್ಕೆ ಎಷ್ಟೋ ಜಾಸ್ತಿ ಬರುತ್ತದೆ.

ಪತ್ರಿಕೆಯಲ್ಲಿ ಬರುವ ಮೊತ್ತ ನಿಮ್ಮ ಕೈಗೆ ಬರುವ ಮೊತ್ತವಲ್ಲ. ಹರಾಜಿನ ಸುತ್ತಿಗೆ 10,000 ಪೌಂಡಿಗೆ ಬಿತ್ತು, ಅಂದರೆ ಕೊನೆಯ ಕೂಗು ಅಷ್ಟು ಅನ್ನಿ. ಕೊಂಡವರು ಅದರ ಮೇಲೆ ಕಾಲು ಭಾಗದಷ್ಟು ಪ್ರೀಮಿಯಂ ಕಟ್ಟುತ್ತಾರೆ, ಅದು ಸಂಸ್ಥೆಗೆ. ನಿಮ್ಮ ಕಡೆಯಿಂದಲೂ ಕಮಿಷನ್, ವಿಮೆ, ಫೋಟೋ ಖರ್ಚು ಮುರಿದುಕೊಳ್ಳುತ್ತಾರೆ. 8,500 ಕೈಗೆ ಸಿಕ್ಕರೆ ಪುಣ್ಯ.

ಇನ್ನೊಂದು ಮಾತು, ಇದು ನನ್ನ ಹಟ ಅಂತಲೇ ತಿಳಿಯಿರಿ. ಅಕೌಂಟ್ಸ್ ಪೆಟ್ಟಿಗೆಗಳಲ್ಲಿ ಆಸ್ಪತ್ರೆ ಬಿಲ್ಲು ಇರುತ್ತದೆ, ಚಟ ಬಿಡಿಸುವ ಕೇಂದ್ರದ ರಸೀದಿ ಇರುತ್ತದೆ, ಹೆಂಡತಿಗೆ ತಿಳಿಯದ ಹಾಗೆ ಯಾರಿಗೋ ಕಳಿಸಿದ ದುಡ್ಡಿನ ಚೀಟಿ ಇರುತ್ತದೆ. ಅಂಥವಕ್ಕೆ ಗಿರಾಕಿಗಳೂ ಇದ್ದಾರೆ. ನಾನು ಅವನ್ನು ಪಟ್ಟಿಗೆ ಸೇರಿಸುವುದಿಲ್ಲ. ಅದಕ್ಕೇ ಎರಡು ಸಲ ಕೆಲಸ ಕೈತಪ್ಪಿದೆ. ಎಲ್ಲವೂ ಹರಾಜಿಗೇ ಹೋಗಬೇಕು ಅಂತಲೂ ಇಲ್ಲ. ಗಾಯಕ ಡೇವಿಡ್ ಬೋವಿ ಅವರ 80,000ಕ್ಕೂ ಹೆಚ್ಚು ವಸ್ತು, ಕಾಗದ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿವೆ. ಗಾಯಕ ಬಾಬ್ ಡಿಲನ್ ಅವರ ಕಾಗದಪತ್ರ ಅಮೆರಿಕದ ಟಲ್ಸಾದಲ್ಲಿದೆ. ನಿಮ್ಮ ಪೆಟ್ಟಿಗೆ ಅಷ್ಟು ದೊಡ್ಡದಲ್ಲ ನಿಜ. ಆದರೂ ಒಂದು ಸಾರ್ವಜನಿಕ ಸಂಗ್ರಹಾಲಯಕ್ಕೆ ಬರೆದು ಕೇಳಿ ನೋಡಿ. ಕಂಪನಿಯವರೂ ಹರಾಜಿಗಿಂತ ಇದಕ್ಕೆ ಬೇಗ ಒಪ್ಪುತ್ತಾರೆ.

ಪ್ರಶ್ನೆ: ಬೀಟಲ್ಸ್ ನಾಲ್ವರೂ ಸಹಿ ಮಾಡಿದ ಫೋಟೋ ಆನ್‌ಲೈನ್‌ನಲ್ಲಿ 20,000 ರೂಪಾಯಿಗೆ ಸಿಕ್ಕಿತು. ಅಸಲಿ ಅಂತ ಸರ್ಟಿಫಿಕೇಟ್ ಇದೆ. ಹರಾಜಿಗೆ ಹಾಕಲಾ? (ಹುಬ್ಬಳ್ಳಿ)

ಬೇಡ. ಅಸಲಿಯಾಗಿದ್ದರೆ 20,000ಕ್ಕೆ ನಿಮ್ಮವರೆಗೆ ಬರುತ್ತಿರಲಿಲ್ಲ. ಮೇಲೆ ಹೇಳಿದ ಮ್ಯಾಲ್ ಇವಾನ್ಸ್ ನೆನಪಿದ್ದಾರಾ? ಅವರೂ, ಇನ್ನೊಬ್ಬ ಸಹಾಯಕ ನೀಲ್ ಆಸ್ಪಿನಾಲ್ ಅವರೂ ಆ ಕಾಲದಲ್ಲೇ ನಾಲ್ವರ ಪರವಾಗಿ ಸಹಿ ಹಾಕಿಕೊಡುತ್ತಿದ್ದರು. ಕಾಗದ ಹಳೆಯದು, ಶಾಯಿ ಹಳೆಯದು, ಬ್ಯಾಂಡಿನ ಕೋಣೆಯಿಂದಲೇ ಬಂದದ್ದು. ಸಹಿ ಮಾತ್ರ ಬೇರೆಯವರದ್ದು. ಇನ್ನು ಸರ್ಟಿಫಿಕೇಟ್ ಎಂಬುದು ಪ್ರಿಂಟರ್ ಇರುವವರೆಲ್ಲ ಮಾಡಬಹುದಾದ ಕಾಗದ. 2022ರಲ್ಲಿ ಡಿಲನ್ ಸಹಿ ಇರುವ ಪುಸ್ತಕ ಅಂತ 599 ಡಾಲರಿಗೆ ಮಾರಿದರು, ಪ್ರಕಾಶಕರದ್ದೇ ದೃಢೀಕರಣ ಪತ್ರ ಜೊತೆಗಿತ್ತು. ಸಹಿ ಹಾಕಿದ್ದು ಮೆಷಿನ್. ಡಿಲನ್ ಕ್ಷಮೆ ಕೇಳಿದರು, ಕೊಂಡವರಿಗೆ ದುಡ್ಡು ವಾಪಸ್ ಬಂತು. ನಿಮಗೆ ಮಾರಿದವರ ಫೋನ್ ಇನ್ನೂ ಚಾಲ್ತಿಯಲ್ಲಿದ್ದರೆ ನೀವೂ ಕೇಳಿ ನೋಡಿ.

ಪ್ರಶ್ನೆ: ಬೆರಳು ಒದ್ದೆ ಮಾಡಿ ಸಹಿಯ ಮೇಲೆ ಉಜ್ಜಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದಂತೆ. (ದಾವಣಗೆರೆ)

ಉಜ್ಜಿದ ಮೇಲೆ ಗೊತ್ತಾಗುವುದು ಒಂದೇ, ಇನ್ನು ಮಾರಲು ಆಗುವುದಿಲ್ಲ ಅಂತ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೇನೆ, ಸುಮ್ನೆ ಒಂದು ಅಂದಾಜು ಬೆಲೆ ಹೇಳಿ. (ಬಹಳ ಊರುಗಳಿಂದ)

ಹೇಳುವುದಿಲ್ಲ. ಹೇಳುವವರು ಸಿಕ್ಕರೆ, ಅವರು ಮುಂದಿನ ಮಾತಿಗೆ ಫೀಸು ಕೇಳುತ್ತಾರೆ, ನೋಡುತ್ತಿರಿ.