ಯಂಗ್ ಲಿಬರಲ್ಸ್ ಬರೀ ಗದ್ದಲದವರಾ?

1960-70ರ ದಶಕದ ಬ್ರಿಟನ್ನಿನ ಯಂಗ್ ಲಿಬರಲ್ಸ್ (ಲಿಬರಲ್ ಪಕ್ಷದ ಯುವ ಘಟಕದವರು) ಘೋಷಣೆ ಕೂಗಿದ್ದು ಬಿಟ್ಟು ಬೇರೆ ಏನಾದರೂ ಮಾಡಿದರಾ ಅಂತ ಕೇಳಿದ್ದೀರಿ. ಮಾಡಿದರು, ಅದೂ ಜೋರಾಗಿಯೇ.

1966ರಲ್ಲೇ ಪತ್ರಿಕೆಗಳು ಇವರನ್ನು, ಚೀನಾದಲ್ಲಿ ಮಾವೋನ ಉಗ್ರ ಯುವಪಡೆಗಿದ್ದ ಹೆಸರಿನಲ್ಲಿ, 'ರೆಡ್ ಗಾರ್ಡ್ಸ್' ಅಂತ ಕರೆದಿದ್ದವು. ಆದರೆ ನೋಡಬೇಕಾದ್ದು 1969-70. ವರ್ಣಭೇದದ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ಬ್ರಿಟನ್ನಿಗೆ ಬಂತು. ಅದರ ವಿರುದ್ಧದ ಪ್ರತಿಭಟನೆಗೆ ಯಂಗ್ ಲಿಬರಲ್ಸ್‌ನ ಪೀಟರ್ ಹೇನ್ ಎಂಬ ಹತ್ತೊಂಬತ್ತರ ಹುಡುಗ ಮುಂದೆ ನಿಂತ. ಅವನ ಮನೆಯವರು 1966ರಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಬಂದವರು. ಮೈದಾನಕ್ಕೆ ನುಗ್ಗೋದು, ಪಂದ್ಯ ನಿಲ್ಲಿಸೋದು, ಇದೇ ಇವರ ದಾರಿ. ಲಂಡನ್ನಿನಲ್ಲಿ ಒಬ್ಬ ಪ್ರತಿಭಟನಕಾರ ತಂಡದ ಬಸ್ ಹತ್ತಿ, ಸ್ಟೀರಿಂಗ್‌ಗೇ ತನ್ನನ್ನು ಸರಪಳಿಯಲ್ಲಿ ಬಿಗಿದುಕೊಂಡ!

ಮುಂದಿನ ಬೇಸಿಗೆಗೆ ದಕ್ಷಿಣ ಆಫ್ರಿಕಾದ ಕ್ರಿಕೆಟ್ ಪ್ರವಾಸ ಇತ್ತು. ಲಾರ್ಡ್ಸ್ ಮೈದಾನಕ್ಕೆ ಮುಳ್ಳುತಂತಿ ಹಾಕಿ ಕಾದರು. ಕ್ರಿಕೆಟ್ಟಿಗೆ ಮುಳ್ಳುತಂತಿ, ನಗು ಬರುತ್ತೆ ಅಲ್ವಾ? ಕೊನೆಗೆ 1970ರ ಮೇನಲ್ಲಿ ಗೃಹ ಸಚಿವ ಜೇಮ್ಸ್ ಕ್ಯಾಲಹನ್ ಕೇಳಿಕೊಂಡ ಮೇಲೆ ಪ್ರವಾಸ ರದ್ದಾಯಿತು. ಚಳವಳಿಯಲ್ಲಿ ಬೇರೆಯವರೂ ಇದ್ದರು, ಪೂರ್ತಿ ಶ್ರೇಯ ಇವರಿಗೇ ಕೊಡೋಕಾಗಲ್ಲ.

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನಿಸೋದು ಇನ್ನೊಂದು. ಅದೇ ವರ್ಷದ ಚುನಾವಣೆಯಲ್ಲಿ ಲಿಬರಲ್ ಪಕ್ಷಕ್ಕೆ ಸಿಕ್ಕಿದ್ದು ಬರೀ 6 ಸೀಟು. ಆಮೇಲೆ ಪಕ್ಷದ ಈಸ್ಟ್‌ಬೋರ್ನ್ ಸಮ್ಮೇಳನದಲ್ಲಿ ಈ ಹುಡುಗರು 'ಕಮ್ಯುನಿಟಿ ಪಾಲಿಟಿಕ್ಸ್' ನಿರ್ಣಯ ಪಾಸು ಮಾಡಿಸಿದರು. ಮುರಿದ ಫುಟ್‌ಪಾತ್, ಉರಿಯದ ಬೀದಿದೀಪ ಹಿಡಿದು ಮನೆಮನೆಗೆ ಕರಪತ್ರ ಹಂಚೋ ರಾಜಕೀಯ. ಇಂಥ ರಾಜಕೀಯದ 'ಫೋಕಸ್' ಕರಪತ್ರ ಇವತ್ತಿಗೂ ಆ ಪಕ್ಷದ ಉತ್ತರಾಧಿಕಾರಿಗಳಾದ ಲಿಬರಲ್ ಡೆಮಾಕ್ರಾಟ್‌ಗಳ ಕೈಯಲ್ಲಿದೆ.

ಹೇನ್ ಮಾತ್ರ 1977ರಲ್ಲಿ ಲೇಬರ್ ಪಕ್ಷ ಸೇರಿ, ಮುಂದೆ ಮಂತ್ರಿಯೂ ಆದರು.